ತೊಂಬತ್ತಾರು ಪುಟದ ಟರ್ಕಿ

ಪ್ರಾಣೇಶ ಗಲಗಲಿ ಟರ್ಕಿಯನ್ನು ಕಂಡವನಲ್ಲ. ೧೯೬೭ರಲ್ಲಿ ಮುಂಬಯಿಯಿಂದ ನ್ಯೂಯಾರ್ಕಿಗೆ ಬರುವಾಗ ವಿಮಾನ ಆ ದೇಶದ ಮೇಲೆ ಹಾದಿದ್ದರೂ ಹಾದಿರಬಹುದು. ಆಗ ಅವನು ನಿದ್ದೆಯಲ್ಲಿದ್ದ. ಆ ದೇಶದ ನೆಲ ಮತ್ತು ಜನರ ಬಗ್ಗೆ ಕನ್ನಡದಲ್ಲಿ ತೊಂಬತ್ತಾರು ಪುಟದ ಪುಸ್ತಕ ಬರೆದವನು ಅವನೇ. ಅದನ್ನು ಬರೆಯಲು ಅವನಿಗೆ ನಾಲ್ಕು ವರ್ಷ ಹಿಡಿಯಿತು. ಅದರಲ್ಲಿ ಒಂದೂವರೆ ವರ್ಷ ಒಂದೇ ಒಂದು ಪುಟಕ್ಕೆ ಹೋಯಿತು.

ಪುಸ್ತಕ ಶುರುವಾದದ್ದು ೧೯೭೧ರಲ್ಲಿ ಧಾರವಾಡದಿಂದ ಬಂದ ಒಂದು ಏರೋಗ್ರಾಮಿನಿಂದ. ಕಳಿಸಿದವನು ಅಮರೇಶ್ವರ, ಪ್ರಾಣೇಶನ ಜೊತೆ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಈಗ ಸಣ್ಣದೊಂದು ಮುದ್ರಣಾಲಯ ಇಟ್ಟುಕೊಂಡಿದ್ದ. ಲಗ್ನಪತ್ರಿಕೆ ಅಚ್ಚು ಹಾಕಿ ಬಂದ ದುಡ್ಡಿನಲ್ಲಿ ಹೈಸ್ಕೂಲು ಮಕ್ಕಳಿಗಾಗಿ ಒಂದು ಪುಸ್ತಕಮಾಲೆ ತರುವ ಹುಚ್ಚು ಅವನಿಗೆ ಹಿಡಿದಿತ್ತು. ಒಂದೊಂದು ದೇಶಕ್ಕೆ ಒಂದೊಂದು ಪುಸ್ತಕ, ಒಂದೊಂದಕ್ಕೂ ತೊಂಬತ್ತಾರು ಪುಟ.

‘ಲೇ ಪ್ರಾಣ್ಯಾ,’ ಎಂದು ಅವನು ಬರೆದಿದ್ದ, ‘ಈಜಿಪ್ತ ಹುಬ್ಬಳ್ಳಿ ಡಾಕ್ಟರು ತಗೊಂಡಾರ. ಅವರು ಒಮ್ಮೆ ಸೂಯೆಜ್ ಕಾಲುವಿಯೊಳಗ ಹಡಗಿನ ಮ್ಯಾಲೆ ನಿಂತಿದ್ರಂತ. ಜಪಾನ ಒಬ್ಬ ಮಾಸ್ತರಿಗೆ ಹೋತು. ಟರ್ಕಿ ಉಳದದ. ನೀ ಹೆಂಗೂ ಪರದೇಶದಾಗ ಇದ್ದೀ. ಒಮ್ಮೆ ಹೋಗಿ ನೋಡಿಬಂದು ಬರದ್ ಕಳಸು.’

ಪ್ರಾಣೇಶ ಅಟ್ಲಾಸು ತೆಗೆದು, ದಾರ ಹಿಡಿದು ಅಳೆದ. ಅವನಿದ್ದ ನ್ಯೂಜೆರ್ಸಿಯ ಕ್ಲಿಫ್ಟನ್ನಿನಿಂದ ಟರ್ಕಿಯ ರಾಜಧಾನಿ ಐದು ಸಾವಿರ ಮೈಲಿಯಾಯಿತು, ಧಾರವಾಡದಿಂದ ಮೂರು ಸಾವಿರ. ನೀನೇ ಎರಡು ಸಾವಿರ ಮೈಲಿ ಹತ್ತಿರ ಇದ್ದೀ ಎಂದು ಬರೆದ. ಮೂರು ವಾರಕ್ಕೆ ಉತ್ತರ ಬಂತು. ‘ಇರಬಹುದು. ಆದ್ರ ಅಲ್ಲಿಂದ ರಸ್ತೆ ಛಲೋ ಇರ್ತಾವ.’

ಅದೇ ಪತ್ರದಲ್ಲಿ ಇನ್ನೊಂದು ಪ್ರಶ್ನೆಯಿತ್ತು. ಏಷ್ಯಾದ ಪುಸ್ತಕಗಳಿಗೆ ಹಳದಿ ರಟ್ಟು, ಯುರೋಪಿನವಕ್ಕೆ ನೀಲಿ ರಟ್ಟು ಎಂದು ನಿಶ್ಚಯವಾಗಿತ್ತು. ಟರ್ಕಿ ಎರಡೂ ಕಡೆ ಕಾಲಿಟ್ಟು ಕೂತಿದೆ, ಏನು ಮಾಡಲಿ? ಪ್ರಾಣೇಶ ಲೆಕ್ಕ ಹಾಕಿದ. ಆ ದೇಶದ ನೆಲ ನೂರಕ್ಕೆ ಮೂರು ಪಾಲು ಯುರೋಪಿನಲ್ಲಿದೆ. ಹಾಗಾಗಿ ಮೂರು ಪುಟ ಯುರೋಪಿಗೆ, ಉಳಿದದ್ದು ಏಷ್ಯಾಕ್ಕೆ, ಹಳದಿ ಹಾಕು ಎಂದು ಬರೆದ. ಹಾಗೆ ಬರೆದ ಮೇಲೆ ಪುಸ್ತಕವನ್ನು ಒಪ್ಪಿಕೊಂಡಂತೆಯೇ ಆಯಿತು.

ಅವನು ಬಣ್ಣದ ಕೆಮಿಸ್ಟ್. ಮುಂಬಯಿಯಲ್ಲಿ ಆರು ವರ್ಷ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದು, ಆಮೇಲೆ ಪ್ಯಾಟರ್ಸನ್ ಊರಿನ ಅಂಥದೇ ಒಂದು ಡೈ ಹೌಸಿಗೆ ಬಂದಿದ್ದ. ಗಿರಾಕಿ ಕಳಿಸಿದ ತುಂಡಿನ ಬಣ್ಣಕ್ಕೆ ಸರಿಹೊಂದುವ ಬಣ್ಣ ಕೂಡಿಸುವುದು ಅವನ ಕೆಲಸ. ಹತ್ತು ವರ್ಷದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬಣ್ಣ ಕೂಡಿಸಿದ್ದ. ಅವಕ್ಕೆಲ್ಲ ಅಂಕಿಗಳಿದ್ದವು, ಹೆಸರಿರಲಿಲ್ಲ. ಒಮ್ಮೆ ಪಾತ್ರೆ ಒರೆಸುತ್ತ ಹೆಂಡತಿ ಅನಸೂಯಾಗೆ ಹೇಳಿದ್ದ: “ನನ್ನ ಹೆಸರಿಂದು ಒಂದು ಕನ್ನಡ ಪುಸ್ತಕ ಇರಬೇಕು. ಅದರಾಗ ಒಂದೂ ಸುಳ್ಳು ಇರಬಾರದು.”

“ಮೊದಲಿನದು ಭಾಳ ಮಂದಿ ಮಾಡ್ಯಾರ್ರಿ,” ಎಂದಳು ಅನಸೂಯಾ.

ಎರಡನೆಯದಕ್ಕೆ ಅವನ ಹತ್ತಿರ ಒಂದು ಉಪಾಯವಿತ್ತು. ಡೈ ಹೌಸಿನ ಲ್ಯಾಬಿನಲ್ಲಿ ಒಂದು ಪೆಟ್ಟಿಗೆ ಇರುತ್ತದೆ, ಒಳಗೆ ಮೂರು ದೀಪ. ಒಂದು ಹಗಲಿನ ಬೆಳಕಿನಂಥದು, ಒಂದು ಅಂಗಡಿಯ ಟ್ಯೂಬ್‌ಲೈಟು, ಒಂದು ಮನೆಯ ಹಳದಿ ಬಲ್ಬು. ಎರಡು ತುಂಡುಗಳು ಹಗಲಲ್ಲಿ ಒಂದೇ ಬಣ್ಣ ಕಂಡರೂ ಬಲ್ಬಿನ ಕೆಳಗೆ ಬೇರೆ ಬೇರೆ ಕಾಣಬಹುದು. ಅದಕ್ಕೇ ಮೂರು ದೀಪದಲ್ಲೂ ಹೊಂದುವವರೆಗೆ ಬಟ್ಟೆ ಕಳಿಸುವಂತಿಲ್ಲ. ಪುಸ್ತಕಕ್ಕೂ ಅದೇ ನಿಯಮ ಇಟ್ಟುಕೊಂಡ. ಲೈಬ್ರರಿಯಲ್ಲಿ ಓದಿದ್ದನ್ನೆಲ್ಲ ಆ ದೇಶದಿಂದ ಬಂದ ಮೂವರಿಗೆ ಹೇಳುವುದು, ಮೂವರೂ ಹೌದೆಂದರೆ ಮಾತ್ರ ಬರೆಯುವುದು. ಹೀಗೆ ಪುಸ್ತಕ ಬರೆಯುತ್ತಾರೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಹೀಗೆ ಬರೆಯುವುದಿಲ್ಲ ಎಂದೂ ಯಾರೂ ಹೇಳಿರಲಿಲ್ಲ.

ಮೊದಲ ಸಾಕ್ಷಿ ನೆಜಾತಿ ಎಂಬ ದರ್ಜಿ. ಪ್ಯಾಟರ್ಸನ್ನಿನ ಮೇನ್ ಸ್ಟ್ರೀಟಿನಲ್ಲಿ ಅಂಗಡಿ. ಪ್ರಾಣೇಶ ಪ್ಯಾಂಟಿನ ಅಂಚು ಮಡಿಸಿ ಹೊಲಿಸಲು ಹೋದಾಗ ಗೋಡೆಯ ಮೇಲೆ ಟರ್ಕಿಯ ಕ್ಯಾಲೆಂಡರ್ ಕಂಡು, ನಿಮ್ಮ ಊರಿನಲ್ಲಿ ಏನೇನು ಬೆಳೆಯುತ್ತಾರೆ ಎಂದು ಕೇಳಿದ. ನೆಜಾತಿಯ ಮುಖ ಬಿಗಿಯಿತು. ಅವನ ಊರು ಅಫ್ಯೋನ್. ಗಸಗಸೆಯ ಗಿಡದಿಂದ ಅಫೀಮು ಬರುತ್ತದೆಂದು ಆ ವರ್ಷ ಅಮೆರಿಕದವರು ಒತ್ತಾಯ ಮಾಡಿ ಅಲ್ಲಿ ಗಸಗಸೆಯ ಬೆಳೆಯನ್ನೇ ನಿಲ್ಲಿಸಿದ್ದರು. ಊರಿನ ಹೆಸರು ಹೇಳಿದೊಡನೆ ಗಿರಾಕಿಗಳು ಅವನನ್ನು ಒಂದು ಥರಾ ನೋಡುತ್ತಿದ್ದರಂತೆ. ಗಸಗಸೆ ಎಂದು ಅವನು ಮೆಲ್ಲಗೆ ಹೇಳಿದ. ಅದಕ್ಕೆ ಕೊಬ್ಬರಿ ಬೆಲ್ಲ ಹಾಕಿ ಪಾಯಸ ಮಾಡುತ್ತೀರೋ ಇಲ್ಲವೋ ಎಂದು ಕೇಳಿದ ಪ್ರಾಣೇಶ.

ನೆಜಾತಿ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟ. ಅವರ ಮನೆಯಲ್ಲಿ ಅದನ್ನು ರುಬ್ಬಿ ಹಿಟ್ಟಿನ ಪದರದ ನಡುವೆ ಸವರಿ ರೊಟ್ಟಿ ಸುಡುತ್ತಾರೆ, ತಿಂದವರಿಗೆ ಒಳ್ಳೆಯ ನಿದ್ದೆ ಬರುತ್ತದೆ ಎಂದ. ಪಾಯಸ ಕುಡಿದವರಿಗೂ ಬರುತ್ತದೆ ಎಂದ ಪ್ರಾಣೇಶ. ಆ ದಿನ ಅಂಚು ಮಡಿಸಿದ್ದಕ್ಕೆ ನೆಜಾತಿ ದುಡ್ಡು ತೆಗೆದುಕೊಳ್ಳಲಿಲ್ಲ. ಮುಂದಿನ ವಾರದಿಂದ ಅವನು ‘ಪ್ರಾಣೇಶ್ ಬೇ’ ಎಂದು ಕರೆಯತೊಡಗಿದ. ಬೇ ಎಂದರೆ ಅವರಲ್ಲಿ ನಮ್ಮ ರಾಯರು ಎಂದಂತೆ. ಪ್ರಾಣೇಶ ಅವನನ್ನು ‘ಉಸ್ತಾ’ ಎನ್ನುತ್ತಿದ್ದ. ಉಸ್ತಾ ಎಂದರೆ ಕೈಕಸಬಿನ ಗುರು.

ಎರಡನೆಯ ಸಾಕ್ಷಿ ನಿಲುಫರ್, ಅದೇ ನ್ಯೂಜೆರ್ಸಿಯ ನ್ಯೂಆರ್ಕಿನಲ್ಲಿ ಕೆಮಿಸ್ಟ್ರಿ ಓದುತ್ತಿದ್ದ ಇಸ್ತಾನ್‌ಬುಲ್ ಹುಡುಗಿ. ತನ್ನ ಊರಿಗೆ ಮೂರೇ ಪುಟ ಎಂದು ತಿಳಿದಾಗ ಅವಳು ಒಂದು ತಿಂಗಳು ಫೋನ್ ಎತ್ತಲಿಲ್ಲ. ಆಮೇಲೆ ಬಂದು, ಇಸ್ತಾನ್‌ಬುಲ್ಲಿನ ಅರ್ಧ ಊರು ಏಷ್ಯಾದಲ್ಲೇ ಇದೆ, ಅಲ್ಲಿಂದ ಎರಡು ಪುಟ ತೆಗೆದುಕೊಳ್ಳಿ ಎಂದು ರಾಜಿ ಮಾಡಿಕೊಂಡಳು.

ಮೂರನೆಯವಳು ಡೈ ಹೌಸಿನಲ್ಲೇ ಇದ್ದಳು. ಬಣ್ಣ ಹಾಕಿದ ಬಟ್ಟೆಯನ್ನು ಬೆಳಕಿನ ಗಾಜಿನ ಮೇಲೆ ಎಳೆದು ಕಲೆ, ತೂತು, ಎಳೆ ತಪ್ಪಿದ್ದನ್ನು ಹುಡುಕುವ ಮೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತ ಮುದುಕಿ ಅಗಾವ್ನಿ. ಹಾರ್ಪುತ್ ಎಂಬ ಊರಿನವಳು ಎಂದು ಯಾರೋ ಹೇಳಿದ್ದರು. ನೀವು ಟರ್ಕಿಯವರಾ ಎಂದು ಪ್ರಾಣೇಶ ಕೇಳಿದ.

“ಅಲ್ಲ,” ಎಂದಳು.

ಹಾರ್ಪುತ್ ಟರ್ಕಿಯಲ್ಲಿದೆಯೆಂದು ಅಟ್ಲಾಸು ಹೇಳುತ್ತದಲ್ಲ ಎಂದ.

“ಅಟ್ಲಾಸು ಸರಿಯಾಗಿದೆ. ನಾನು ಟರ್ಕಿಯವಳಲ್ಲ. ಅರ್ಮೇನಿಯನ್.”

ಆದರೂ ಅಡಿಗೆ, ಮದುವೆ, ಚಳಿಗಾಲ, ದ್ರಾಕ್ಷಿ ಒಣಗಿಸುವುದು, ಇವುಗಳ ಬಗ್ಗೆ ಅವಳು ಹೇಳಿದ್ದೂ ನೆಜಾತಿ ಹೇಳಿದ್ದೂ ಹೊಂದುತ್ತಿದ್ದವು. ಹೆಸರು ಮಾತ್ರ ಬೇರೆ. ಕೆಲವು ಸಲ ಹೆಸರೂ ಅದೇ.

ಹೀಗೆ ಎರಡು ವರ್ಷ ನಡೆಯಿತು. ಪ್ರತಿ ಶನಿವಾರ ಮಧ್ಯಾಹ್ನ ಪ್ರಾಣೇಶ ದರ್ಜಿಯ ಅಂಗಡಿಗೆ ಹೋಗಿ, ಕನ್ನಡದಲ್ಲಿ ಬರೆದದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ನೆಜಾತಿ ಹೊಲಿಯುತ್ತ ಕೇಳುತ್ತಿದ್ದ. ಆಕ್ಷೇಪ ಎತ್ತಬೇಕಾದರೆ ಬಾಯಿಂದ ಪಿನ್ನು ತೆಗೆಯಬೇಕಾದ್ದರಿಂದ ಸಣ್ಣಪುಟ್ಟದ್ದಕ್ಕೆ ಎತ್ತುತ್ತಿರಲಿಲ್ಲ. ಅತಿಥಿ ಸತ್ಕಾರದ ಪುಟಕ್ಕೆ ಎತ್ತಿದ. ಇಷ್ಟು ಚೆನ್ನಾಗಿ ಬರೆಯಬೇಡಿ, ನಿಮ್ಮ ಧಾರವಾಡದವರೆಲ್ಲ ಬಂದುಬಿಟ್ಟರೆ ನಮ್ಮ ಹೆಂಗಸರ ಗತಿಯೇನು ಎಂದ. ಅನಸೂಯಾ ಮತ್ತು ನೆಜಾತಿಯ ಹೆಂಡತಿ ಒಬ್ಬರ ಮನೆಗೊಬ್ಬರು ತಿಂಡಿ ಕಳಿಸತೊಡಗಿದರು. ಮಗಳು ಕಲಾ ಕಿಂಡರ್‌ಗಾರ್ಟನ್ನಿನಲ್ಲಿ ತನ್ನ ತಂದೆ ಟರ್ಕಿಯವನೆಂದು ಹೇಳಿದ್ದಕ್ಕೆ, ಟೀಚರ್ ಅದನ್ನು ಭೂಪಟದಲ್ಲಿ ಪಿನ್ನು ಚುಚ್ಚಿ ತೋರಿಸಿದರಂತೆ. ಪ್ರಾಣೇಶ ತಿದ್ದಲು ಹೋಗಲಿಲ್ಲ. ಅದು ಪುಸ್ತಕದಲ್ಲಿ ಇರಲಿಲ್ಲವಲ್ಲ.

ಅಷ್ಟು ಹೊತ್ತಿಗೆ ಬೆಟ್ಟ, ನದಿ, ಕುರಿ, ಹತ್ತಿ, ಚಹಾ, ಭಾಷೆ ಎಲ್ಲ ಮುಗಿದಿದ್ದವು. ಉಳಿದದ್ದು ಜನರ ಅಧ್ಯಾಯ. ಯಾರು ಯಾರು ಆ ದೇಶದಲ್ಲಿದ್ದಾರೆ, ಮೊದಲು ಯಾರು ಇದ್ದರು. ಐವತ್ತೆಂಟನೆಯ ಪುಟ ಅದಕ್ಕೆಂದು ಇಟ್ಟಿದ್ದ. ೧೯೭೪ರ ವಸಂತದಲ್ಲಿ ಅಗಾವ್ನಿಯ ಮೇಜಿನ ಹತ್ತಿರ ನಿಂತು, ನೀವು ಅಲ್ಲಿಂದ ಹೇಗೆ ಬಂದಿರಿ ಎಂದು ಕೇಳಿದ.

ಅವಳು ಯಂತ್ರ ನಿಲ್ಲಿಸಲಿಲ್ಲ. ಬಟ್ಟೆ ಗಾಜಿನ ಮೇಲೆ ಹರಿಯುತ್ತಲೇ ಇತ್ತು. ಪಕ್ಕದ ಮೀಟರು ಗಜ ಎಣಿಸುತ್ತಿತ್ತು. ತನಗೆ ಆಗ ಆರು ವರ್ಷ ಎಂದಳು. ಸಾವಿರದ ಒಂಬೈನೂರಾ ಹದಿನೈದು. ಮೊದಲು ಸಿಪಾಯಿಗಳು ಬಂದು ಅರ್ಮೇನಿಯನ್ ಗಂಡಸರನ್ನು ಕರೆದುಕೊಂಡು ಹೋದರು, ತಂದೆಯೂ ಹೋದ, ತಿರುಗಿ ಬರಲಿಲ್ಲ. ಆಮೇಲೆ ಹೆಂಗಸರು ಮಕ್ಕಳನ್ನು ಊರಿನಿಂದ ಹೊರಡಿಸಿದರು. ನಡೆದರು. ತಾಯಿ, ಮೂವರು ಹೆಣ್ಣುಮಕ್ಕಳು. ನದಿಯ ಹತ್ತಿರ ದೊಡ್ಡ ಅಕ್ಕನನ್ನು ಯಾರೋ ಎಳೆದೊಯ್ದರು. ತಾಯಿ ಒಂದು ಬಾವಿಯ ಪಕ್ಕ ಕೂತವಳು ಏಳಲಿಲ್ಲ. ಕೊನೆಗೆ ಅಲೆಪ್ಪೋ ಎಂಬ ಊರು ತಲುಪಿದ್ದು ತಾನು ಮತ್ತು ಇನ್ನೊಬ್ಬ ಅಕ್ಕ. ಆ ಅಕ್ಕ ಈಗ ಅಮೆರಿಕದಲ್ಲೇ, ಫ್ರೆಸ್ನೋ ಊರಿನಲ್ಲಿದ್ದಾಳೆ, ಮೊಣಕಾಲು ನೋವು. ಹೇಳಿ ಮುಗಿಸುವಷ್ಟರಲ್ಲಿ ಅರವತ್ತು ಗಜ ಹೋಗಿತ್ತು. ನಡುವೆ ಎರಡು ಕಡೆ ಬಟ್ಟೆಯ ಅಂಚಿಗೆ ದಾರ ಕಟ್ಟಿದ್ದಳು, ಅಲ್ಲಿ ಎಳೆ ತಪ್ಪಿತ್ತು.

ಪ್ರಾಣೇಶ ಲೈಬ್ರರಿಯಲ್ಲಿ ಓದಿದ. ಅಲ್ಲಿಯೂ ಅದೇ ಇತ್ತು, ಒಬ್ಬಳ ಬದಲು ಲಕ್ಷಗಟ್ಟಲೆ ಅರ್ಮೇನಿಯನ್ನರದು. ನಿಯಮದ ಪ್ರಕಾರ ಉಳಿದಿಬ್ಬರನ್ನು ಕೇಳಿದ. ನಿಲುಫರ್, ಇದನ್ನು ನಮಗೆ ಶಾಲೆಯಲ್ಲಿ ಹೇಳಿಲ್ಲ ಎಂದಳು. ಒಂದು ವಾರ ಬಿಟ್ಟು ಬಂದು, ಆ ಮುದುಕಿ ಏನು ಹೇಳಿದಳು ಎಂದು ಕೇಳಿದಳು. ಕೇಳಿಸಿಕೊಂಡು, ಮುನ್ನುಡಿಯಲ್ಲಿ ಧನ್ಯವಾದ ಹೇಳುವಾಗ ತನ್ನ ಹೆಸರು ಹಾಕಬೇಡಿ ಎಂದು ಹೇಳಿ ಹೋದಳು.

ಜೂನ್ ತಿಂಗಳ ಒಂದು ಶನಿವಾರ ಐವತ್ತೆಂಟನೆಯ ಪುಟದ ಕರಡನ್ನು ನೆಜಾತಿಗೆ ಓದಿ ಹೇಳಿದ. ಹತ್ತೇ ಸಾಲು. ನೆಜಾತಿ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ.

“ಯುದ್ಧ ಇತ್ತು. ಎಲ್ಲರೂ ಸತ್ತರು. ನಮ್ಮವರೂ ಸತ್ತರು,” ಎಂದ.

ಅದನ್ನೂ ಬರೆಯುತ್ತೇನೆ ಎಂದ ಪ್ರಾಣೇಶ.

“ಮಕ್ಕಳು ಓದುವ ಪುಸ್ತಕ. ಎರಡು ವರ್ಷ ನನ್ನ ಅಂಗಡಿಯಲ್ಲಿ ಕೂತು ಚಹಾ ಕುಡಿದಿರಿ. ಕೊನೆಗೆ ನಿಮ್ಮ ಊರಿನ ಮಕ್ಕಳಿಗೆ ನಮ್ಮ ಬಗ್ಗೆ ಹೇಳುವುದು ಇದನ್ನೇ?”

ತೊಂಬತ್ತಾರರಲ್ಲಿ ಒಂದು ಪುಟ, ಅದರಲ್ಲೂ ಅರ್ಧ, ಎಂದ ಪ್ರಾಣೇಶ. ನೆಜಾತಿ ಗಡಿಯಾರ ನೋಡಿ, ಅಂಗಡಿ ಮುಚ್ಚುವ ಹೊತ್ತಾಯಿತು ಎಂದ. ಆಗ ಮೂರು ಗಂಟೆ. ಅಂಗಡಿ ಮುಚ್ಚುತ್ತಿದ್ದದ್ದು ಏಳಕ್ಕೆ.

ಜುಲೈಯಲ್ಲಿ ಟರ್ಕಿಯ ಸೈನ್ಯ ಸೈಪ್ರಸ್ ದ್ವೀಪಕ್ಕೆ ಇಳಿದು, ಅಲ್ಲಿನ ಗ್ರೀಕರ ಜೊತೆ ಗಲಾಟೆ ಶುರುವಾಯಿತು. ಅದೇ ಬೀದಿಯ ಗ್ರೀಕರು ನೆಜಾತಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಪ್ರಾಣೇಶ ಎರಡು ಸಲ ಹೋದ. ಚಹಾ ಬಂತು, ಹವೆಯ ಮಾತು ಬಂತು. ನೆಜಾತಿ ಅವನನ್ನು ‘ಮಿಸ್ಟರ್’ ಎಂದು ಕರೆದ. ಮೂರನೆಯ ಸಲ ಪ್ರಾಣೇಶ ಹೋಗಲಿಲ್ಲ. ಶನಿವಾರ ಮಧ್ಯಾಹ್ನ ಮನೆಯಲ್ಲೇ ಇದ್ದು ಕಾರು ತೊಳೆಯತೊಡಗಿದ. ವಾರ ವಾರವೂ ತೊಳೆಯಬೇಕಾದಷ್ಟು ಹೊಲಸು ಆ ಕಾರಿಗೆ ಆಗುತ್ತಿರಲಿಲ್ಲ.

ಲ್ಯಾಬಿನಲ್ಲಾಗಿದ್ದರೆ ಕೆಲಸ ಸುಲಭ. ಮೂರು ದೀಪದಲ್ಲಿ ಮೂರು ಬಣ್ಣ ಬಂದರೆ ಆ ತುಂಡನ್ನು ಬಿಸಾಕಿ ಬೇರೆ ಬಣ್ಣದಿಂದ ಮತ್ತೆ ಶುರು ಮಾಡುತ್ತಾರೆ. ಇಲ್ಲಿ ಬಿಸಾಕುವುದು ಯಾವುದನ್ನು ಎಂದು ಅವನಿಗೆ ತಿಳಿಯಲಿಲ್ಲ. ಐವತ್ತೆಂಟನೆಯ ಪುಟ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಧಾರವಾಡಕ್ಕೆ ಕಳಿಸಿದ. ನವೆಂಬರಿನಲ್ಲಿ ಅಮರೇಶ್ವರನ ಪತ್ರ ಬಂತು. ‘ಐವತ್ತೆಂಟು ಎಲ್ಲೆ? ಅಚ್ಚಿನ ಮೊಳಿ ಜೋಡಿಸಿ ಕಟ್ಟಿಟ್ಟದ್ದು ಹಂಗ ಕೂತದ. ಲಗ್ನಪತ್ರಿಕಾ ಅಚ್ಚು ಹಾಕಲಿಕ್ಕೆ ಅಕ್ಷರ ಸಾಲವಲ್ವು. ನಿನ್ನ ಟರ್ಕಿ ಸಲುವಾಗಿ ಇಲ್ಲಿ ಮಂದಿ ಲಗ್ನ ನಿಂತಾವ.’

ಅದೇ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಪ್ರಾಣೇಶನಿಗೆ ಮೂತ್ರ ಕೆಂಪಾಗಿ ಹೋಯಿತು. ಬಣ್ಣದವನಾದ್ದರಿಂದ ಅವನಿಗೆ ಮೊದಲು ಹೊಳೆದದ್ದು, ಇದು ಯಾವ ಕೆಂಪು ಎಂದು. ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ಡಾಕ್ಟರ್ ಗಿರಿಜಾದೇವಿಯವರ ಹತ್ತಿರ ಹೋದ. ಮೈಸೂರಿನವರು, ಆಸುಪಾಸಿನ ಕನ್ನಡದವರೆಲ್ಲ ಹೋಗುತ್ತಿದ್ದದ್ದು ಅವರಲ್ಲಿಗೇ. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಬಣ್ಣದ ಕೆಲಸ ಎಂದ. ಎಷ್ಟು ವರ್ಷದಿಂದ? ಇಲ್ಲಿ ಏಳು, ಮುಂಬಯಿಯಲ್ಲಿ ಆರು. ಅವರು ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು.

ಮೂತ್ರಕೋಶದಲ್ಲಿ ಕ್ಯಾನ್ಸರ್, ಬಣ್ಣದ ಕೆಲಸದವರಿಗೆ ಬರುವಂಥದು. ಆಪರೇಷನ್ ಆಯಿತು. ಒಂದು ವರ್ಷ ಒಮ್ಮೆ ಸುಧಾರಿಸಿ ಒಮ್ಮೆ ಕುಸಿದು ಕಳೆಯಿತು. ಗೆಳೆಯರು ಬಂದು ಕೂತರೆ ಅವನು ರೋಗದ ಮಾತಾಡುತ್ತಿರಲಿಲ್ಲ. ಟರ್ಕಿಯಲ್ಲಿ ಕುರಿಗಳೆಷ್ಟು ಎಂದು ಹೇಳುತ್ತಿದ್ದ. ಬಂದವರು ಕುರಿಗಳ ಸಂಖ್ಯೆ ತಿಳಿದುಕೊಂಡು ಮನೆಗೆ ಹೋಗುತ್ತಿದ್ದರು.

೧೯೭೫ರ ಸೆಪ್ಟೆಂಬರಿನಲ್ಲಿ ಅಮರೇಶ್ವರನ ಇನ್ನೊಂದು ಪತ್ರ ಬಂದಾಗ ಅನಸೂಯಾ ಅದನ್ನು ಓದಿ ಹೇಳಿ, ಕೊನೆಗೆ ತಾನೇ ಕೇಳಿದಳು.

“ಆ ಪುಟ ಬಿಟ್ಟು ಅಚ್ಚು ಹಾಕು ಅಂತ ಬರದ್ ಬಿಡ್ರಿ.”

“ಬಿಟ್ರ ಸುಳ್ಳಾಗ್ತದ. ಯಾರ್ಯಾರು ಇದ್ರು ಅಂತ ಹೇಳೋ ಅಧ್ಯಾಯ ಅದು.”

“ಹಂಗಾರ ಬರದ್ ಕಳಸ್ರಿ.”

“ಬರದ್ರ ನೆಜಾತಿ ನಮ್ಮ ಕಡೆ ಬರೂದಿಲ್ಲ.”

“ಈಗರೆ ಎಲ್ಲಿ ಬರ್ಲಿಕ್ಕೆ ಹತ್ಯಾರ್ರಿ?”

ಅನಸೂಯಾಗೆ ಕಾಣುತ್ತಿದ್ದದ್ದು ಇಷ್ಟು. ಅವನಿಗೆ ಬೇಕಾದದ್ದು ಆ ಪುಟವನ್ನು ನೆಜಾತಿಯ ಬೆನ್ನ ಹಿಂದೆ ಕಳಿಸದೆ ಇರುವುದು. ನೆಜಾತಿ ಹೂಂ ಎನ್ನದಿದ್ದರೆ ಪುಸ್ತಕ ನಿಂತಲ್ಲೇ ನಿಲ್ಲುತ್ತದೆ, ಮತ್ತು ಹಾಗೆ ಕಾಯಲು ಅವನಿಗೆ ಇನ್ನು ಬಹಳ ದಿನ ಉಳಿದಿಲ್ಲ.

ಅವಳು ವಾದ ಬೆಳೆಸಲಿಲ್ಲ. ಮರುದಿನ ಗಂಡನ ಎರಡು ಪ್ಯಾಂಟು ಚೀಲಕ್ಕೆ ಹಾಕಿಕೊಂಡು ದರ್ಜಿಯ ಅಂಗಡಿಗೆ ಹೋದಳು. ಸೊಂಟ ಸಣ್ಣ ಮಾಡಬೇಕು ಎಂದಳು. ಎಷ್ಟು ಎಂದು ನೆಜಾತಿ ಕೇಳಿದ. ಮೂವತ್ತನಾಲ್ಕಿದ್ದದ್ದನ್ನು ಇಪ್ಪತ್ತೊಂಬತ್ತಕ್ಕೆ ಎಂದಳು. ಅವನು ಅಳತೆಯ ಚೀಟಿಯ ಮೇಲೆ ಬರೆಯಲು ಹೋಗಿ ಬರೆಯಲಿಲ್ಲ. ಐದು ಇಂಚು ಒಮ್ಮೆಲೇ ಒಳಗೆ ಹಿಡಿದರೆ ಜೇಬುಗಳು ಹಿಂದಕ್ಕೆ ಹೋಗುತ್ತವೆ ಎಂದ. ಹೋಗಲಿ ಎಂದಳು ಅನಸೂಯಾ. ಅವಳು ಬಾಗಿಲ ತನಕ ಹೋದಾಗ, ಪ್ಯಾಂಟುಗಳನ್ನು ತಾನೇ ತಂದುಕೊಡುತ್ತೇನೆ ಎಂದ.

ಶನಿವಾರ ಬಂದ. ಪ್ಯಾಂಟುಗಳನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕತ್ತರಿಸಿ ಹೊಲಿದಿದ್ದ. ಜೇಬುಗಳು ಇರಬೇಕಾದಲ್ಲೇ ಇದ್ದವು. ಕೋಟು ತೆಗೆಯದೆ ಕುರ್ಚಿಯ ತುದಿಯಲ್ಲಿ ಕೂತು, ಪ್ರಾಣೇಶನ ಮುಖದ ಕಡೆ ನೋಡದೆ, ಪುಸ್ತಕ ಎಲ್ಲಿಗೆ ಬಂತು ಎಂದು ಕೇಳಿದ. ಒಂದು ಪುಟ ಉಳಿದಿದೆ ಎಂದ ಪ್ರಾಣೇಶ. ನನ್ನಿಂದಲೋ ಎಂದ ನೆಜಾತಿ. ಹೌದು ಎಂದ ಪ್ರಾಣೇಶ. ಅವನಿಗೆ ಇಲ್ಲವೆನ್ನಲು ಬರುತ್ತಿರಲಿಲ್ಲ.

ಆಮೇಲೆ ನೆಜಾತಿ ಹೇಳಿದ. ಇಂಗ್ಲಿಷು ಸಾಲದೆ ಅಲ್ಲಲ್ಲಿ ಕೈಯಲ್ಲಿ ತೋರಿಸುತ್ತ ಹೇಳಿದ.

“ನನಗೆ ಕಸಬು ಕಲಿಸಿದ ಉಸ್ತಾನಿಗೆ ಕಲಿಸಿದವನು ಅರ್ಮೇನಿಯನ್. ಅಂಗಡಿ ಅವನದು. ಆ ವರ್ಷ ಒಂದು ದಿನ ಅವರನ್ನೆಲ್ಲ ರೈಲ್ವೇ ಸ್ಟೇಷನ್ನಿಗೆ ನಡೆಸಿದರು. ಮೇಜಿನ ಮೇಲೆ ಒಂದು ಕೋಟು ಉಳಿಯಿತು. ಒಂದು ತೋಳು ಹೊಲಿದಾಗಿತ್ತು, ಇನ್ನೊಂದು ಪಿನ್ನಿನಲ್ಲಿತ್ತು. ನನ್ನ ಉಸ್ತಾ ಆಗ ಹದಿನಾಲ್ಕರವ. ಎರಡು ತಿಂಗಳು ಕಾದ. ಆಮೇಲೆ ಆ ತೋಳನ್ನು ತಾನೇ ಕೂಡಿಸಿ ಕೋಟು ಮಾರಿದ. ಅಂಗಡಿ ಅವನದಾಯಿತು.”

ತಂದ ಪ್ಯಾಂಟಿನ ಮಡಿಕೆಯನ್ನು ಬೆರಳಿನಲ್ಲಿ ನೀವಿ ಮುಂದುವರಿಸಿದ.

“ನನಗೆ ತೋಳು ಕೂಡಿಸುವುದನ್ನು ಕಲಿಸುವಾಗಲೆಲ್ಲ ಇದನ್ನು ಹೇಳುತ್ತಿದ್ದ. ತೋಳಿನ ಬಗ್ಗೆ ಹೇಳುತ್ತಿದ್ದಾನೆ ಅಂದುಕೊಂಡಿದ್ದೆ. ನಿಮ್ಮ ಹತ್ತು ಸಾಲು ಕೇಳಿದ ದಿನ ಅಲ್ಲವೆಂದು ತಿಳಿಯಿತು, ಸಿಟ್ಟು ಬಂದದ್ದು ಅದಕ್ಕೆ. ಬರೆಯಿರಿ, ಪ್ರಾಣೇಶ್ ಬೇ. ನನ್ನ ಹೆಸರು ಬೇಡ. ಊರಿನ ಹೆಸರು ಹಾಕಿ.”

ಪ್ರಾಣೇಶ ಆ ಹೊತ್ತಿನಲ್ಲೂ ನಿಯಮದ ಮಾತೆತ್ತಿದ. ಇದಕ್ಕೆ ಒಂದೇ ಸಾಕ್ಷಿ, ಇನ್ನಿಬ್ಬರು ಬೇಕಲ್ಲ ಎಂದ. ಉಸ್ತಾ ಸತ್ತುಹೋದ, ಕೋಟು ಎಲ್ಲಿದೆಯೋ, ಇನ್ನಿಬ್ಬರನ್ನು ಎಲ್ಲಿಂದ ತರಲಿ ಎಂದು ಕೇಳಿದ ನೆಜಾತಿ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅನಸೂಯಾ, “ಸಾಕು ಬಿಡ್ರಿ,” ಎಂದಳು. ಅವಳು ಹೇಳಿದ್ದು ಕನ್ನಡದಲ್ಲಿ, ನೆಜಾತಿ ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ಪ್ರಾಣೇಶ ದಿಂಬಿಗೆ ಒರಗಿ ಕೂತು ಐವತ್ತೆಂಟನೆಯ ಪುಟವನ್ನು ಬರೆದ. ಹತ್ತು ಸಾಲು. ಮೊದಲ ಐದು, ಹಾರ್ಪುತ್ ಊರಿನ ಒಬ್ಬ ಹೆಂಗಸು ಹೇಳಿದ್ದು. ಮುಂದಿನ ಐದು, ಅಫ್ಯೋನ್ ಊರಿನ ಒಬ್ಬ ದರ್ಜಿ ಹೇಳಿದ್ದು. ಅವೆರಡನ್ನೂ ಕೂಡಿಸಲು ಒಂದು ಸಾಲು ಬರೆದು ಹೊಡೆದುಹಾಕಿದ. ಮೊದಲು ನೆಜಾತಿಗೆ ಫೋನಿನಲ್ಲಿ ಓದಿ ಹೇಳಿದ, ಆಮೇಲೆ ಅಗಾವ್ನಿಗೆ. ಅವಳು ಯಾವ ಮಾತನ್ನೂ ತಿದ್ದಲಿಲ್ಲ. ಕೇಳಿ ಮುಗಿದ ಮೇಲೆ, ದರ್ಜಿ ಯಾರು ಎಂದಳು. ಹೆಸರು ಹೇಳಬೇಡ ಎಂದಿದ್ದಾನೆ ಎಂದ ಪ್ರಾಣೇಶ. ಸರಿ ಎಂದು ಫೋನ್ ಇಟ್ಟಳು.

ಫೆಬ್ರವರಿಯಲ್ಲಿ ಐದು ಪ್ರತಿಗಳು ಏರ್‌ಮೇಲಿನಲ್ಲಿ ಬಂದವು. ಹಳದಿ ರಟ್ಟು, ಅದರ ಮೇಲೆ ಕುಚ್ಚಿನ ಕೆಂಪು ಟೊಪ್ಪಿಗೆಯ ಮನುಷ್ಯ. ಆ ಟೊಪ್ಪಿಗೆ ಅಲ್ಲಿ ಐವತ್ತು ವರ್ಷದಿಂದ ಕಾನೂನಿಗೆ ವಿರುದ್ಧ ಎಂದು ಪ್ರಾಣೇಶ ಪುಸ್ತಕದ ಒಳಗೇ ಬರೆದಿದ್ದ. ಚಿತ್ರದ ಬ್ಲಾಕು ಮೊದಲೇ ಮಾಡಿಸಿ ಆಗಿತ್ತು ಎಂದು ಅಮರೇಶ್ವರ ಜೊತೆಗೆ ಚೀಟಿ ಇಟ್ಟಿದ್ದ. ಒಂದೂ ಸುಳ್ಳಿಲ್ಲದ ಪುಸ್ತಕಕ್ಕೆ ಸುಳ್ಳು ಟೊಪ್ಪಿಗೆ ಎಂದು ಅನಸೂಯಾ ಬೈದಳು. ರಟ್ಟು ಅಮರ್ಯಾಂದು, ಪುಟ ನನ್ನವು ಎಂದ ಪ್ರಾಣೇಶ. ಮೇಲೆತ್ತಿ ಹಿಡಿಯುವ ಶಕ್ತಿಯಿಲ್ಲದೆ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಓದಿದ. ಮೂರು ಕಡೆ ಅಕ್ಷರ ತಪ್ಪಿತ್ತು.

ನೆಜಾತಿ ಬಂದ. ಯಾವ ಪುಟ ಎಂದು ಕೇಳಿ, ತೆಗೆಸಿ, ತನ್ನ ಐದು ಸಾಲು ಎಲ್ಲಿಂದ ಎಲ್ಲಿಯವರೆಗೆ ಎಂದು ಬೆರಳಿನಲ್ಲಿ ತೋರಿಸಿಕೊಂಡ. ಎಷ್ಟು ಪ್ರತಿ ಎಂದು ಕೇಳಿದ. ಸಾವಿರ ಎಂದ ಪ್ರಾಣೇಶ.

“ಸಾವಿರ ಜನ ಓದುತ್ತಾರಾ?”

“ಇನ್ನೂರು ಜನ ಓದಬಹುದು. ಶಾಲೆಯ ಮಕ್ಕಳು.”

“ಪರೀಕ್ಷೆಯಲ್ಲಿ ಕೇಳುತ್ತಾರಾ?”

“ಇದನ್ನು ಕೇಳುವುದಿಲ್ಲ. ರಾಜಧಾನಿ ಯಾವುದು ಅಂತ ಕೇಳುತ್ತಾರೆ.”

ನೆಜಾತಿಗೆ ಅದು ಸಮಾಧಾನವೋ ಬೇಜಾರೋ ತಿಳಿಯಲಿಲ್ಲ. ಒಂದು ಪ್ರತಿ ತೆಗೆದುಕೊಂಡು ಹೋದ.

ಪುಸ್ತಕ ಬಂದ ಹದಿನಾರನೆಯ ದಿನ ಪ್ರಾಣೇಶ ತೀರಿಕೊಂಡ. ನಲವತ್ತೆರಡು ವರ್ಷ.

ಅಂತ್ಯಕ್ರಿಯೆ ನಡೆಸುವ ಪ್ಯಾಟರ್ಸನ್ನಿನ ಫ್ಯೂನರಲ್ ಹೋಮಿನಲ್ಲಿ ಮೂವತ್ತು ಜನ ಸೇರಿದ್ದರು. ಸುತ್ತಲಿನ ಕನ್ನಡದವರು, ಡೈ ಹೌಸಿನವರು, ಡಾಕ್ಟರ್ ಗಿರಿಜಾದೇವಿ. ನಿಲುಫರ್ ಹಿಂದೆ ನಿಂತಿದ್ದಳು. ಮಂತ್ರ ಹೇಳಲು ಯಾರೂ ಸಿಕ್ಕಿರಲಿಲ್ಲ. ಬದರೀನಾಥ ಎಂಬ ಎಂಜಿನಿಯರು ತನಗೆ ಬಂದಷ್ಟನ್ನು ಹೇಳಿ, ಬಾರದಲ್ಲಿ ಮೊದಲಿನಿಂದ ಶುರು ಮಾಡಿದ. ಅಗಾವ್ನಿ ತಡವಾಗಿ ಬಂದು ಖಾಲಿಯಿದ್ದ ಒಂದು ಕುರ್ಚಿಯಲ್ಲಿ ಕೂತಳು. ಪಕ್ಕದ ಕುರ್ಚಿಯಲ್ಲಿ ನೆಜಾತಿ ಇದ್ದ. ಇಬ್ಬರಿಗೂ ಪರಿಚಯವಿರಲಿಲ್ಲ.

ಎಲ್ಲ ಮುಗಿದ ಮೇಲೆ ಅಗಾವ್ನಿ ಅನಸೂಯಾಳ ಹತ್ತಿರ ಬಂದು ಪುಸ್ತಕದ ಎರಡು ಪ್ರತಿ ಬೇಕೆಂದಳು. ಒಂದು ತನಗೆ, ಒಂದು ಫ್ರೆಸ್ನೋದ ಅಕ್ಕನಿಗೆ. ಇಬ್ಬರಿಗೂ ಓದಲು ಬರುವುದಿಲ್ಲವಲ್ಲ ಎಂದು ಅನಸೂಯಾಗೆ ಅನ್ನಿಸಿತು. ಚೀಲದಿಂದ ಎರಡು ತೆಗೆದು ಕೊಟ್ಟಳು. ಅಗಾವ್ನಿ ಒಂದನ್ನು ಬಿಡಿಸಿ ಹಾಳೆ ಮಗುಚುತ್ತ ಹೋದಳು. ಯಾವುದು ಎಂದು ಅವಳಿಗೆ ಗೊತ್ತಾಗುವಂತಿರಲಿಲ್ಲ. ಅಕ್ಕನ ಮಾತು ಕೇಳಿ ಅವಳು ಯಾರೆಂದು ತಿಳಿದ ನೆಜಾತಿ ಎದ್ದು ಬಂದ. ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ಐವತ್ತೆಂಟನೆಯ ಪುಟ ತೆಗೆದು, ಮೇಲಿನ ಐದು ಸಾಲಿನ ಮೇಲೆ ಬೆರಳಿಟ್ಟು ಏನೋ ಹೇಳಿದ. ಆಮೇಲೆ ಕೆಳಗಿನ ಐದು ಸಾಲಿನ ಮೇಲೆ ಬೆರಳಿಟ್ಟು, ಇನ್ನೂ ಏನೋ ಹೇಳಿದ. ಅಗಾವ್ನಿ ಅವನ ಮುಖ ನೋಡಿದಳು, ಪುಟ ನೋಡಿದಳು. ಏನೋ ಕೇಳಿದಳು. ಅವನು ಉತ್ತರ ಕೊಟ್ಟ. ಅವಳು ಮತ್ತೊಂದು ಕೇಳಿದಳು.

ಅವರಿಬ್ಬರೂ ಟರ್ಕಿ ಭಾಷೆಯಲ್ಲಿ ಮಾತಾಡುತ್ತಿದ್ದಾರೆ ಎಂದು ಹಿಂದೆ ನಿಂತಿದ್ದ ನಿಲುಫರ್ ಅನಸೂಯಾಗೆ ಹೇಳಿದಳು. ಏನು ಮಾತಾಡುತ್ತಿದ್ದಾರೆ ಎಂದು ಅನಸೂಯಾ ಕೇಳಿದಳು.

ಆ ಕೋಟಿನ ಬಣ್ಣ ಯಾವುದಿತ್ತು ಎಂದು ಕೇಳುತ್ತಿದ್ದಾಳೆ ಎಂದಳು ನಿಲುಫರ್. ತನಗೆ ಗೊತ್ತಿಲ್ಲ, ಉಸ್ತಾ ಹೇಳಿರಲಿಲ್ಲ ಎನ್ನುತ್ತಿದ್ದಾನೆ.